ನಾಲ್ಕನೇ ಲೇನಿನ ಸ್ಟಾಪ್‌ವಾಚ್

ಕಿಶ್‌ತೋ
ಮೇ ೧೧, ಸೋಮವಾರ ಬೆಳಿಗ್ಗೆ

ಮುದ್ದಿನ ಮಗಳು ಇಲ್ದಿಕೋಗೆ,

ಹೇಗಿದ್ದೀಯ ತಾಯಿ? ಸೊಂಟದ ನೋವು ಕಡಿಮೆಯಾಯಿತೇ? ಆ ಲಿಂಜ್ ಊರಿನಲ್ಲಿ ನೀನು ನೋಡಿಕೊಳ್ಳುವ ಮುದುಕಿಯನ್ನು ಹಾಸಿಗೆಯಿಂದ ಎತ್ತುವಾಗ ಮೊಣಕಾಲು ಮಡಿಸು, ಬೆನ್ನು ಬಗ್ಗಿಸಬೇಡ. ನಿನ್ನಮ್ಮ ಇದ್ದಿದ್ದರೆ ಇದನ್ನೇ ಮೂರು ಸಲ ಹೇಳುತ್ತಿದ್ದಳು. ನಿನ್ನೆ ಅವಳ ಸಮಾಧಿಗೆ ಹೂವಿಟ್ಟು ಬಂದೆ. ಬಂದು ಮೀನಿನ ಸಾರು ಮಾಡಿದೆ, ಮೆಣಸಿನ ಪುಡಿ ಒಂದು ಹಿಡಿ ಹೆಚ್ಚೇ ಬಿತ್ತು. ನಿನ್ನ ಮಗಳು ಬೊರೋಕಾ ಒಂದು ಚಮಚವನ್ನೂ ಮುಟ್ಟಲಿಲ್ಲ. ಖಾರಕ್ಕಲ್ಲ.

ಅದನ್ನು ಬರೆಯಲೆಂದೇ ಕೂತಿದ್ದೇನೆ. ಫೋನಿನಲ್ಲಿ ಹೇಳೋಣವೆಂದರೆ ಅವಳು ಪಕ್ಕದ ಕೋಣೆಯಲ್ಲೇ ಇರುತ್ತಾಳೆ, ಮೇಲಾಗಿ ನಿನ್ನ ದನಿ ಕೇಳಿದರೆ ನಾನು ಮಳೆ ಬೆಳೆಯ ಮಾತಿಗೆ ಹೊರಳಿಬಿಡುತ್ತೇನೆ. ಒಂಬತ್ತು ದಿನದಿಂದ ಅವಳು ಕೊಳಕ್ಕೆ ಹೋಗಿಲ್ಲ. ಆರನೇ ವಯಸ್ಸಿನಿಂದ ಬೆಳಿಗ್ಗೆ ಐದಕ್ಕೆ ನನ್ನನ್ನೇ ಎಬ್ಬಿಸುತ್ತಿದ್ದ ಮಗು ಈಗ ಗೋಡೆಯತ್ತ ತಿರುಗಿ ಮಲಗಿರುತ್ತದೆ. ಈಜುವ ಟೋಪಿ, ಕನ್ನಡಕ ಎರಡೂ ಕಸದ ಡಬ್ಬಿಯಲ್ಲಿ ಸಿಕ್ಕವು. ತೊಳೆದು ಬಚ್ಚಿಟ್ಟಿದ್ದೇನೆ.

ಆ ಶನಿವಾರದ ಸ್ಪರ್ಧೆಯ ವಿಷಯ ನಿನಗೆ ಅವಳು ಹೇಳಿದ್ದು ಅರ್ಧ. ಬುಡಾಪೆಸ್ಟಿನ ಕ್ರೀಡಾಶಾಲೆಗೆ ಸೇರಲು ನೂರು ಮೀಟರ್ ಬ್ಯಾಕ್‌ಸ್ಟ್ರೋಕಿನಲ್ಲಿ ಅಂಗಾತ ಈಜಿ ಒಂದು ನಿಮಿಷ ಐದು ಸೆಕೆಂಡಿನೊಳಗೆ ಮುಗಿಸಬೇಕಿತ್ತು. ನಮ್ಮ ಕೊಳದಲ್ಲಿ ಇಂದಿಗೂ ಸಮಯ ಅಳೆಯುವ ಯಂತ್ರವಿಲ್ಲ, ಲೇನಿಗೆ ಮೂರು ಜನ ಸ್ಟಾಪ್‌ವಾಚ್ ಹಿಡಿದು ನಿಲ್ಲುವುದು, ನೀನು ಈಜುತ್ತಿದ್ದಾಗ ಇದ್ದ ಹಾಗೆಯೇ. ಅಂದು ನಮ್ಮ ಜೊತೆ ಮೂರನೆಯವನಾಗಿ ನಿಲ್ಲಬೇಕಿದ್ದ ಅಂಚೆಯವನು ತಂಗಿಯ ಮದುವೆಗೆ ಹೋಗಿದ್ದ. ಹಾಗಾಗಿ ಬೊರೋಕಾಳ ನಾಲ್ಕನೇ ಲೇನಿಗೆ ನಾನು, ಬೇಕರಿಯ ಯೋಲಾನ್, ಇಬ್ಬರೇ. "ಏನ್ ಯಜಮಾನ್ರೇ, ಹೆಬ್ಬೆರಳು ಆಡತ್ತೋ, ಇಲ್ಲಾ ಸ್ವಲ್ಪ ಎಣ್ಣೆ ಬಿಡ್ಲೋ?" ಎಂದು ಎಲ್ಲರೆದುರು ಕಾಲೆಳೆದಳು. ಅವಳ ಗಡಿಯಾರದಲ್ಲಿ ಒಂದು ನಿಮಿಷ ನಾಲ್ಕು ಪಾಯಿಂಟ್ ಒಂಬತ್ತು. ನನ್ನದರಲ್ಲಿ ಐದು ಪಾಯಿಂಟ್ ಐದು. ಇಬ್ಬರೇ ಇದ್ದರೆ ಎರಡನ್ನೂ ಕೂಡಿಸಿ ಅರ್ಧ ಮಾಡುವುದು ನಿಯಮ. ಐದು ಪಾಯಿಂಟ್ ಎರಡಾಯಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಹೋಯಿತು ಅವಳ ಶಾಲೆ. ಕಾಲೇಜಿನಲ್ಲಿ ನಮಗೊಂದು ಇಂಗ್ಲಿಷ್ ಗಾದೆ ಉರುಹೊಡೆಸಿದ್ದರು, ಟೈಮ್ ಅಂಡ್ ಟೈಡ್ ಎಂದು ಶುರುವಾಗುತ್ತದೆ. ಯಾರಿಗೋ ಕಾಯುವುದಿಲ್ಲವಂತೆ. ಯಾರಿಗೆ ಎಂಬುದು ಮರೆತುಹೋಗಿದೆ.

ಕೋಚ್ ಟಿಹಮೇರ್ ಮನೆಗೇ ಬಂದಿದ್ದ. "ಏ ಕಪ್ಪೆ, ಎದ್ದು ಬಾರೇ, ನೀರು ನಿನ್ನ ಕೇಳ್ತಾ ಇದೆ. ಮುಂದಿನ ವರ್ಷ ನೋಡ್ಕೊಳ್ಳೋಣ" ಎಂದು ಬಾಗಿಲು ಬಡಿದ. ಒಳಗಿಂದ ಅವಳು, "ಮುಂದಿನ ವರ್ಷ ನಂಗೆ ಹದಿನೈದು ಸರ್. ಅವ್ರು ತಗೊಳ್ಳಲ್ಲ. ನಿಮ್ಗೂ ಗೊತ್ತು" ಎಂದಳು. ಅವನು ಮೆಟ್ಟಿಲಿಳಿದು ಹೋದ. ಬೇಕರಿಯಲ್ಲಿ ಕೆಲಸ ಖಾಲಿ ಇದೆಯೇ ಎಂದು ಯೋಲಾನ್‌ಳನ್ನು ಕೇಳಿದ್ದಾಳಂತೆ ನಿನ್ನ ಮಗಳು.

ಕೊಳದ ಗೋಡೆಯ ಆ ಮರದ ಹಲಗೆ ನಿನಗೆ ನೆನಪಿದೆಯಲ್ಲ, ಸಮಯದೊಳಗೆ ಈಜಿ ಮುಗಿಸಿ ಊರಿನಿಂದ ಹೊರಗೆ ಹೋದ ಮಕ್ಕಳ ಹೆಸರುಗಳದ್ದು? ಹನ್ನೊಂದು ಹೆಸರು, ನಿನ್ನದು ಏಳನೆಯದು. ಒಬ್ಬ ಡಾಕ್ಟರಾದ, ಒಬ್ಬಳು ಹಡಗಿನಲ್ಲಿದ್ದಾಳೆ, ಇಬ್ಬರು ಮೇಷ್ಟ್ರು. ಒಬ್ಬರೂ ಕೆಟ್ಟುಹೋಗಲಿಲ್ಲ. ಒಬ್ಬರೂ ಹಿಂದಿರುಗಲಿಲ್ಲ. ಆ ನೀರು ಮಕ್ಕಳನ್ನು ಚೆನ್ನಾಗಿ ಬೆಳೆಸುತ್ತದೆ ಮಗಳೇ, ಬೆಳೆಸಿ ಕಳಿಸಿಬಿಡುತ್ತದೆ. ನೀನು ಹದಿನಾಲ್ಕಕ್ಕೆ ಒಂದು ಪೆಟ್ಟಿಗೆ ಹಿಡಿದು ರೈಲು ಹತ್ತಿದೆ. ಆಮೇಲೆ ಈ ಮನೆಗೆ ನೆಂಟಳಾಗಿಯೇ ಬಂದೆ. ಅಂದು ನಿನಗೆ ಗಡಿಯಾರ ಹಿಡಿದವನೂ ನಾನೇ. ಸರಿಯಾಗಿ ಒತ್ತಿದ್ದೆ.

ಸಾಕು, ಎಲ್ಲೆಲ್ಲಿಗೋ ಹೋದೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ಆ ಮುದುಕಿಗೂ ನನ್ನ ನಮಸ್ಕಾರ ಹೇಳು, ಪಾಪ. ನಿನ್ನಮ್ಮ ಮೇಲಿಂದ ನಿನ್ನನ್ನು ಕಾಯಲಿ.

ನಿನ್ನಪ್ಪ,
ಲೋರಾಂತ್

ತಾ.ಕ.: ನನ್ನ ಕೈ ನಡುಗಿರಲಿಲ್ಲ. ಮಗು ಗೋಡೆ ಮುಟ್ಟಿದ್ದನ್ನು ಕಂಡೆ, ಕಂಡೂ ಹೆಬ್ಬೆರಳನ್ನು ತಡೆದೆ. ಅಂಗಾತ ಈಜುವವರಿಗೆ ಗೋಡೆ ಕಾಣುವುದಿಲ್ಲ, ಮುಟ್ಟಿದ ಮೇಲೆ ಮೊದಲು ಕಾಣುವುದು ಬಗ್ಗಿ ನಿಂತ ನಮ್ಮ ಮುಖ. "ತಾತಾ, ಎಷ್ಟು?" ಎಂದಳು, ನಗುತ್ತಿದ್ದಳು, ಗೆದ್ದೆನೆಂದು ಅವಳಿಗೆ ಗೊತ್ತಿತ್ತು. ನಾನು ಗಡಿಯಾರ ತೋರಿಸಿದೆ. ಶುಕ್ರವಾರ ಬುಡಾಪೆಸ್ಟಿನ ಶಾಲೆಗೆ ಆಯ್ಕೆಯಾದವರ ಪಟ್ಟಿ ಹೋಗುತ್ತದೆ. ನಾನು ಸಮಯ ಬರೆದುಕೊಟ್ಟ ಚೀಟಿ ಹೊಡೆದುಹಾಕಿದರೆ ಯೋಲಾನ್‌ಳದೊಂದೇ ಉಳಿಯುತ್ತದೆ, ಅಷ್ಟು ಸಾಕು. ಟಿಹಮೇರ್‌ಗೆ ಹೇಳಲೆಂದು ದಿನವೂ ಕೊಳದ ಬಾಗಿಲವರೆಗೆ ಹೋಗಿ ಹಿಂದಿರುಗಿದ್ದೇನೆ. ಈ ಕಾಗದ ನಿನಗೆ ಗುರುವಾರ ಸಿಗುತ್ತದೆ. ಸಿಕ್ಕ ಕೂಡಲೇ ಅವನಿಗೆ ಫೋನ್ ಮಾಡಿ ಇಷ್ಟನ್ನೂ ಓದಿ ಹೇಳು, ನಂಬರು ಹಿಂಬದಿಯಲ್ಲಿದೆ. ಅಪ್ಪ ಅಷ್ಟರೊಳಗೆ ತಾನೇ ಹೇಳಿರುತ್ತಾನೆ ಎಂದುಕೊಂಡು ಸುಮ್ಮನಿರಬೇಡ. ಹೇಳಿದೆ ಎಂದು ನಾನೇ ಫೋನ್ ಮಾಡಿದರೂ ನಂಬಬೇಡ.