ತಮ್ಮನಿಗೆ ಬೇಲು, ಭಾವನ ಸಿಟ್ಟು

ಜೂನ್ 4, ಗುರುವಾರ

ಆಸ್ಪತ್ರೆ ಲಾಂಡ್ರಿ ಕೆಲಸದಿಂದ ಬಂದು ಬಟ್ಟೆ ಬಿಸಿನೀರಿಗೆ, ನಂತರ ಸ್ನಾನ, ಆಮೇಲೇ ಕಾಫಿ. ಕೊರೊನಾ ಸೋಂಕು ಶುರುವಾದಾಗಿನಿಂದ ಇದೇ ರೂಢಿಯಾಗಿದೆ. ಲೋಟ ಕೈಲಿರುವಾಗಲೇ ಜೈಲಿನ ಡಾಕ್ಟರ ಫೋನ್. ತಮ್ಮನ ಹೃದಯ ತೀರಾ ಸೋತಿದೆಯಂತೆ. ಪಕ್ಕದ ಬ್ಯಾರಕ್ಕಿಗೆ ಸೋಂಕು ಬಂದಿದೆ, ಇವನಿಗೂ ತಗುಲಿದರೆ ಉಳಿಯುವುದು ಕಷ್ಟ. "ಬೇಲಿಗೆ ಅರ್ಜಿ ಹಾಕೀಮ್ಮ. ರಿಪೋರ್ಟ್ ನಾನು ಬರ್ಕೊಡ್ತೀನಿ."

ಅರ್ಜಿ ಹಾಕಬಹುದು. ಆದರೆ ಅವನಿರುವುದಕ್ಕೊಂದು ಮನೆ ತೋರಿಸಬೇಕು. ಇರುವುದು ನಮ್ಮ ಮನೆಯೊಂದೇ. ಮೂರು ವರ್ಷದ ಹಿಂದೆ ಕುಡಿದು ಜಗಳವಾಡಿ ಅವನು ಬೆಂಕಿ ಇಟ್ಟಿದ್ದು ನನ್ನ ಗಂಡನ ಬಡಗಿ ಶೆಡ್ಡಿಗೆ. ಆ ಶೆಡ್ಡೆಂದರೆ ಇವರಿಗೆ ಪ್ರಾಣ; ದೂರು ಕೊಟ್ಟು ಜೈಲಿಗೆ ಕಳಿಸಿದ್ದೂ ಇವರೇ. ಯಾವ ಬಾಯಲ್ಲಿ ಕೇಳಲಿ...

ಜೂನ್ 5

ಕೇಳಿಬಿಟ್ಟೆ. ಇವರು ತಟ್ಟೆಯಿಂದ ತಲೆ ಎತ್ತಲಿಲ್ಲ. "ಹಾಕು" ಎಂದರು. ಒಪ್ಪಿಗೆಯೋ ಸಿಟ್ಟೋ — ಇಷ್ಟು ವರ್ಷ ಸಂಸಾರ ಮಾಡಿಯೂ ಗೊತ್ತಾಗಲಿಲ್ಲ.

ಜೂನ್ 16, ಬೆಳಿಗ್ಗೆ

ಇವತ್ತು ಮೊಬೈಲಿನಲ್ಲೇ ವಿಚಾರಣೆ. ಇಸ್ತ್ರಿ ಸೀರೆ ಉಟ್ಟು ಕೂತಿದ್ದೇನೆ. ಇವರು ಎಂದಿನಂತೆ, ಮತ್ತೆ ಕಟ್ಟಿಕೊಂಡ ಶೆಡ್ಡಿಗೆ ಹೋದರು.

ಮಧ್ಯಾಹ್ನ

ಮರೆಯುವ ಮುಂಚೆ ಬರೆಯಬೇಕು. ಜಡ್ಜ್ ಕೇಳಿದರು, "ದೂರು ಕೊಟ್ಟೋರು ನಿಮ್ಮ ಯಜಮಾನ್ರೇ ಅಲ್ವಾ? ಅವರದ್ದೇನಾದ್ರೂ ಆಕ್ಷೇಪಣೆ?" ಫೋನ್ ಹಿಡಿದುಕೊಂಡು ಶೆಡ್ಡಿಗೆ ಓಡಿದೆ. ಇವರು ಹೊಸ ಮಂಚವೊಂದಕ್ಕೆ ಉಪ್ಪುಕಾಗದ ಉಜ್ಜುತ್ತಿದ್ದರು. ತಲೆಯ ಕಡೆ ಎತ್ತರ, ಒರಗಿ ಮಲಗಲು. ಯಾರಿಗೆಂದು ಕೇಳುವ ಅಗತ್ಯವಿರಲಿಲ್ಲ.

ಫೋನಿಗೆ ಕೈ ಮುಗಿದರು. "ಸಿಟ್ಟು ಬೇಕಾದಷ್ಟಿದೆ ಸ್ವಾಮಿ. ಮನೇಲೇ ತೀರಿಸ್ಕೋತೀನಿ. ಅದಕ್ಕೆ ಅವನು ಬದುಕಿರ್ಬೇಕಲ್ಲ. ಕಳಿಸ್ಕೊಡಿ."

ಜಡ್ಜ್ ನಕ್ಕುಬಿಟ್ಟರು. ಬೇಲು ಸಿಕ್ಕಿತು. ನಮ್ಮ ವಕೀಲೆ ಮ್ಯೂಟ್ ತೆಗೆಯದೆಯೇ ಥ್ಯಾಂಕ್ಸ್ ಹೇಳುತ್ತಲೇ ಇದ್ದರು.

ಜೂನ್ 19

ಬಂದ. ಅರ್ಧಕ್ಕರ್ಧ ಇಳಿದುಹೋಗಿದ್ದಾನೆ. ಟೆಸ್ಟ್ ನೆಗೆಟಿವ್, ಆದರೂ ಎರಡು ವಾರ ಬೇರೆ ರೂಮು. ಮಂಚಕ್ಕೆ ಒರಗಿ, "ಅಕ್ಕಾ, ಮಲಗಿದ್ರೂ ಉಸಿರು ಸಿಗ್ತಿದೆ ಕಣೇ" ಎಂದ.

ಇವರು ಕಿಟಕಿಯಾಚೆ ನಿಂತಿದ್ದರು.

"ಭಾವ, ನಾನು ಮಾಡಿದ್ದು..."

"ಮಾತಾಡ್ಬೇಡ, ಸುಸ್ತಾಗುತ್ತೆ. ನಾನು ಮಾತಾಡ್ತೀನಿ."

ಆಮೇಲೆ ಶುರುವಾಯಿತು. ಸುಟ್ಟುಹೋದ ಒಂದೊಂದು ಬಾಗಿಲು, ಒಂದೊಂದು ಕುರ್ಚಿಯ ಹೆಸರು ಹಿಡಿದು ಬೈದರು. ಅವನು ಕಣ್ಣೊರೆಸಿಕೊಳ್ಳುತ್ತಾ ಎಲ್ಲವನ್ನೂ ಕೇಳಿಸಿಕೊಂಡ. ಕೊನೆಗೆ ಇವರೇ, "ಗಂಜಿ ಕುಡಿದ್ಯಾ?" ಎಂದರು. ಮೂರು ವರ್ಷದ ಮೇಲೆ ಮನೆ ಹಗುರಾಯಿತು.

ಜುಲೈ 5, ಭಾನುವಾರ

ಡಾಕ್ಟರು ಮುಚ್ಚಿಡಲಿಲ್ಲ. ಹೃದಯ ಸರಿಹೋಗುವಂಥದ್ದಲ್ಲ, ಹೀಗೇ ನೋಡಿಕೊಂಡರೆ ಇನ್ನೂ ಒಂದಷ್ಟು ದಿನ ಇವೆ ಎಂದರು. ಆಗಲಿ, ಅಷ್ಟು ದಿನವೂ ನಮ್ಮವೇ.

ಇವತ್ತು ರೂಮಿನಿಂದ ಹೊರಬಂದು ಹಿತ್ತಲ ಬಿಸಿಲಲ್ಲಿ ಕೂತಿದ್ದಾನೆ. ಕ್ಷೌರದಂಗಡಿ ಮುಚ್ಚಿದೆ, ಇವರೇ ಕತ್ತರಿ ಹಿಡಿದಿದ್ದಾರೆ.

"ಭಾವ, ಇದು ಮರ ಅಲ್ಲ, ನನ್ನ ತಲೆ."

"ನಂಗೇನೂ ವ್ಯತ್ಯಾಸ ಕಾಣ್ತಿಲ್ಲ. ಅಲ್ಲಾಡ್ಬೇಡ."

ನಕ್ಕು ನಕ್ಕು ಕೆಮ್ಮು ಬಂತು ಅವನಿಗೆ, ಕೆಮ್ಮಿನ ನಡುವೆಯೂ ನಗು. ಈಗ ಇಬ್ಬರೂ ನನ್ನನ್ನು ಕೂಗುತ್ತಿದ್ದಾರೆ. ಎರಡೂ ಕಡೆ ಸಮ ಇದೆಯಾ ಅಂತ ನಾನೇ ಬಂದು ಹೇಳಬೇಕಂತೆ. ಇಲ್ಲಿಂದಲೇ ಕಾಣುತ್ತಿದೆ, ಎಡಗಡೆ ಪೂರ್ತಿ ಬೋಳು...