ಹುಲುಗಪ್ಪನ ಮನೆ ಮೇಲಿಂದ ಬಂದ ಕಲ್ಲು

ಮಾನ್ಯ ತಹಶೀಲ್ದಾರ್ ಸಾಹೇಬರೇ,

ಏಪ್ರಿಲ್ ಹದಿನೇಳರ ಮಧ್ಯಾಹ್ನ ನನ್ನ ಮನೆಯ ಸಿಮೆಂಟ್ ಶೀಟುಗಳನ್ನು ಒಡೆದದ್ದು ಆಲಿಕಲ್ಲು. ನಿಮ್ಮ ಕಡತದ ಪ್ರಕಾರ ಒಡೆದವನು ಪಕ್ಕದ ಮನೆಯ ಹುಲುಗಪ್ಪ. ಇಬ್ಬರು ಆರೋಪಿಗಳಲ್ಲಿ ಒಬ್ಬ ಅಂದೇ ಕರಗಿಹೋದ. ಉಳಿದವನನ್ನು ಹಿಡಿಯುವುದು ಸುಲಭವೆಂದು ನಿಮ್ಮ ಕಚೇರಿಗೆ ತೋಚಿರಬೇಕು.

ಮಳೆಯಾದ ಮೂರನೆಯ ದಿನ ನಿಮ್ಮ ಗುಮಾಸ್ತರು ಹಾನಿ ಬರೆದುಕೊಳ್ಳಲು ಬಂದರು. ನಾನು ದರ್ಜಿ, ದಾರ ಗುಂಡಿ ತರಲು ಕೊಟ್ಟೂರಿಗೆ ಹೋಗಿದ್ದೆ. ಮನೆಯಲ್ಲಿದ್ದವಳು ಎಪ್ಪತ್ತು ದಾಟಿದ ನನ್ನ ತಾಯಿ ನೀಲಗಂಗಮ್ಮ.

"ಏನು ಬಿದ್ದು ಒಡೀತಬೇ?"

"ಕಲ್ರೀ ಯಪ್ಪಾ. ನಿಂಬಿಹಣ್ಣಿನಂಥ ಕಲ್ಲು."

"ಎಲ್ಲಿಂದ ಬಂದ್ವು?"

"ಅಗಾ, ಆ ಹುಲುಗಪ್ಪನ ಮನಿ ಮ್ಯಾಲಿಂದ ಬಂದ್ವು ನೋಡ್ರಿ, ದಬದಬ ಅಂತ."

ಅವಳು ತೋರಿಸಿದ್ದು ಮೋಡ ಎದ್ದ ದಿಕ್ಕನ್ನು. ನಮ್ಮಲ್ಲಿ ಮಳೆ ಯಾವಾಗಲೂ ಯಾರದೋ ಮನೆಯ, ಯಾರದೋ ಹೊಲದ ಮೇಲಿಂದಲೇ ಬರುತ್ತದೆ. ಗುಮಾಸ್ತರಿಗೂ ಇದು ಗೊತ್ತಿತ್ತು. ಆದರೆ 'ಆಲಿ' ಎಂಬ ಎರಡಕ್ಷರ ಬರೆಯಲು ಅವರ ಪೆನ್ನಿಗೆ ಶಾಯಿ ಸಾಲಲಿಲ್ಲ. 'ನೆರೆಯ ಹುಲುಗಪ್ಪನ ಮನೆಯ ಮೇಲಿನಿಂದ ಕಲ್ಲುಗಳು ಬಂದು ಚಾವಣಿ ಜಖಂ' ಎಂದು ಬರೆದರು. ಕೆಳಗೆ 'ಓದಿ ಹೇಳಲಾಗಿ ಸರಿ ಇದೆ ಎಂದು ಒಪ್ಪಿರುತ್ತಾರೆ', ಅದರ ಕೆಳಗೆ ಅಮ್ಮನ ಹೆಬ್ಬೆಟ್ಟು. ಓದಿ ಹೇಳಿದ್ದು ಯಾರಿಗೆ ಸ್ವಾಮಿ, ಗೋಡೆಗೋ?

ಆ ಹಾಳೆ ನಿಮ್ಮ ಮೇಜಿಗೆ ಏರುವಷ್ಟರಲ್ಲಿ ಮಳೆ ಬಿಟ್ಟುಹೋಗಿ ಬರೀ ಕಲ್ಲು ಉಳಿಯಿತು. 'ಇದು ಪ್ರಕೃತಿ ವಿಕೋಪವಲ್ಲ, ಕಲ್ಲು ತೂರಾಟ. ಠಾಣೆಗೆ ಕಳುಹಿಸಿದೆ. ಅರ್ಜಿದಾರರು ಸದರಿ ಕಲ್ಲುಗಳನ್ನು ಹಾಜರುಪಡಿಸತಕ್ಕದ್ದು' ಎಂದು ನಮಗೆ ಉತ್ತರ ಬಂತು. ಸದರಿ ಕಲ್ಲುಗಳಲ್ಲಿ ಒಂದನ್ನು ನನ್ನ ಮಗಳು ಅಮೃತಾ ಅಂದೇ ಬಾಯಿಗೆ ಹಾಕಿಕೊಂಡಳು. ಉಳಿದವು ಚರಂಡಿ ಸೇರಿದವು. ಯಾವುದನ್ನು ಹಾಜರುಪಡಿಸಲಿ?

ಆಲಿಕಲ್ಲು ಬೀಳುವಾಗ ಹುಲುಗಪ್ಪ ಮಾಡಿದ್ದನ್ನೂ ಕೇಳಿ. ತಲೆಯ ಮೇಲೆ ಹಿಟ್ಟು ನಾದುವ ಪರಾತ ಹಿಡಿದು ಓಡಿಬಂದು, ಅಮ್ಮನನ್ನು ಮಂಚದ ಕೆಳಗೆ ತಳ್ಳಿ, ನನ್ನ ಹೊಲಿಗೆ ಯಂತ್ರದ ಮೇಲೆ ಕೌದಿ ಹೊದಿಸಿದ. ಅವನದು ಮಣ್ಣಿನ ಮಾಳಿಗೆ. ವರ್ಷವೂ ಮಳೆಗಾಲಕ್ಕೆ ಮುಂಚೆ ನೀರು ಇಳಿಯದಂತೆ ಕರಲು ಮಣ್ಣು ಹಾಕಿ ತುಳಿಯುತ್ತಾನೆ, ಆದ್ದರಿಂದ ಒಂದು ಹನಿಯೂ ಸೋರಲಿಲ್ಲ. ಅದೇ ಅವನ ಮೇಲೆ ಸಾಕ್ಷಿಯಾಯಿತು! 'ನಿನ್ನ ಮನೆಗೇಕೆ ಏನೂ ಆಗಿಲ್ಲ?' ಎಂದು ಠಾಣೆಯಲ್ಲಿ ಕೇಳಿದರಂತೆ. ಮೂರು ಸಲ ಕರೆಸಿ ಕೂರಿಸಿದ್ದಾರೆ.

ತಪ್ಪು ನನ್ನದೂ ಇದೆ. ಮಾಳಿಗೆ ಕೆಡವಿ ಶೋಕಿಗೆ ಶೀಟು ಹಾಕಿಸಿದವನು ನಾನು. "ಹಾಕ್ಸಿದ್ರ ಹಾಕ್ಸು, ಮ್ಯಾಲ ಒಂದೀಟು ಜ್ವಾಳದ ಸೊಪ್ಪಿ ಹರವು. ಕಲ್ಲು ಬಿದ್ರ ತಡೀತೈತಿ" ಎಂದು ಹುಲುಗಪ್ಪ ಹೇಳಿದಾಗ, ಹೊಸ ಶೀಟಿನ ಮೇಲೆ ಮೇವು ಹರಡುವುದೇ ಎಂದು ನಕ್ಕಿದ್ದೆ. ಈಗ ಉಳಿದ ಶೀಟುಗಳಿಗಾದರೂ ಸೊಪ್ಪೆ ಹರಡಿಕೊಡು ಎಂದು ಕೇಳಿದರೆ, ನನ್ನ ಮುಖ ನೋಡದೆ ಹೇಳಿದ: "ನಾ ನಿನ್ನ ಮನಿ ಹತ್ತಿದ್ರ, ಈಗ ಖರೇನ ಕಲ್ಲು ಹಾಕಾಕ ಹತ್ಯಾನ ಅಂತ ಬರೀತಾರ. ಬ್ಯಾಡಪ್ಪ."

ಅಮ್ಮ ದಿನವೂ ಅವನ ಬಾಗಿಲಿಗೆ ಹೋಗಿ ನಿಲ್ಲುತ್ತಾಳೆ. ಅವನು ಹೊರಗೆ ಬರುವುದಿಲ್ಲ. "ನನ್ನ ನಾಲಿಗಿಗೆ ಬೆಂಕಿ ಬೀಳ್ಲಿ" ಎಂದು ಅಳುತ್ತ ವಾಪಸು ಬರುತ್ತಾಳೆ. ಒಡೆದ ಶೀಟಿಗಿಂತ ನನಗೆ ಇದೇ ಹೆಚ್ಚು ಉರಿಯುತ್ತದೆ.

ನಿಮ್ಮ ಪರಿಹಾರ ನನಗೆ ಬೇಡ, ನೀವೇ ಇಟ್ಟುಕೊಳ್ಳಿ. ನಮ್ಮ ಕಸುಬಿನಲ್ಲಿ ಹೊಲಿಗೆ ತಪ್ಪಿದರೆ ಗಿರಾಕಿಯ ಎದುರಿಗೇ ಬಿಚ್ಚಿ ಹೊಲಿಯುತ್ತೇವೆ, ಅದಕ್ಕೇನೂ ಮಾನ ಹೋಗುವುದಿಲ್ಲ. ಮುಂಗಾರಿನ ಮಿರಗದ ಮಳೆ ಹಿಡಿಯುವ ಮುಂಚೆ ನೀವು ಬನ್ನಿ. ಹುಲುಗಪ್ಪನ ಅಂಗಳದಲ್ಲಿ ನಿಂತು ಆ ಒಂದು ಸಾಲನ್ನು ಹೊಡೆದುಹಾಕಿ, ಹೊಡೆದುಹಾಕಿದ್ದನ್ನು ನನ್ನ ತಾಯಿಗೆ ಗಟ್ಟಿಯಾಗಿ ಓದಿ ಹೇಳಿ.

ಬಾರದಿದ್ದರೆ ಇನ್ನೊಂದು ಹೇಳಿಕೆ ಕೊಡುತ್ತೇವೆ. ಆ ಮೋಡ ಹುಲುಗಪ್ಪನ ಮನೆಗೆ ಬರುವ ಮುಂಚೆ ನಿಮ್ಮ ಕಚೇರಿಯ ಮೇಲಿಂದಲೇ ಬಂದಿತ್ತು. ಕಂಡವರು ಊರ ತುಂಬ ಇದ್ದಾರೆ. ಅಮ್ಮ ಹೆಬ್ಬೆಟ್ಟು ಒತ್ತಲು ಕಾದು ಕೂತಿದ್ದಾಳೆ.

ಇಂತಿ,
ನೆರೆಯವನ ಮಾತು ಕೇಳದೆ, ಈಗ ಆಕಾಶ ನೋಡುತ್ತ ಬಟ್ಟೆ ಹೊಲಿಯುವ
ದರ್ಜಿ ಏಕಾಂತಪ್ಪ
೨೬ ಮೇ ೧೯೯೯