ಶಾರ್ಜಾದಲ್ಲಿ ಹೊರಗೆ ಹೋಗಲು

ಮದೀನಾ
೧೧ ನವೆಂಬರ್ ೨೦೨೫

ಪ್ರೀತಿಯ ಅವ್ವನಿಗೆ,

ನಿನ್ನ ನಿಶಾತಳ ಸಲಾಮು. ಮುಟ್ಟಿದ ಕೂಡಲೇ ಬರೆಯುತ್ತೇನೆ ಎಂದು ಹೇಳಿ ಹೊರಟವಳು ಇಷ್ಟು ದಿನ ಸುಮ್ಮನಿದ್ದೆ, ಬೈದುಕೊಂಡಿರುತ್ತೀ. ಫೋನು ಮಾಡುತ್ತೀಯಲ್ಲ ಎನ್ನಬೇಡ. ಇಲ್ಲಿ ಅಜ್ಜಿ ನನ್ನ ಭುಜಕ್ಕೆ ಅಂಟಿಕೊಂಡೇ ಕೂತಿರುತ್ತಾಳೆ, ಅಲ್ಲಿ ಅಪ್ಪ ಸ್ಪೀಕರ್ ಹಾಕಿ ನಮ್ಮ ಗಾದಿ ಅಂಗಡಿಗೆ ಬಂದ ಗಿರಾಕಿಗಳಿಗೂ ಕೇಳಿಸುತ್ತಾನೆ. ನಿನಗೊಬ್ಬಳಿಗೇ ಹೇಳುವುದನ್ನು ಹೇಗೆ ಹೇಳಲಿ? ನಾಳೆ ಊರಿಗೆ ಹೊರಡುವ ಕೊಟ್ಟೂರಿನ ಇನ್ನೊಂದು ತಂಡದವರ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ.

ಮಕ್ಕಾದಲ್ಲಿ ಉಮ್ರಾ ಚೆನ್ನಾಗಿ ಆಯಿತು. ಅಜ್ಜಿಯ ಮೊಣಕಾಲು ನೋವು ಎಲ್ಲಿ ಹೋಯಿತೋ ಏನೋ. ಆದರೆ ಮದೀನಾಕ್ಕೆ ಬಂದ ಮೇಲೆ ಅವಳು ಕೂತಲ್ಲಿ ಕೂರುತ್ತಿಲ್ಲ. ಹೋಟೆಲಿನ ಕಾರಿಡಾರಿನಲ್ಲಿ ಆ ತುದಿಯಿಂದ ಈ ತುದಿಗೆ ಅಡ್ಡಾಡುತ್ತಾಳೆ. ನಮ್ಮ ಬಾಗಿಲು ಬಂದಾಗಲೆಲ್ಲ ತಲೆ ಒಳಗೆ ಹಾಕಿ, "ಬಂತೇನಲೇ?" ಎನ್ನುತ್ತಾಳೆ. ನಾನೂ ತಟ್ಟೆಯ ಮುಂದೆ ಕೂತರೂ ಫೋನನ್ನೇ ನೋಡುತ್ತಿದ್ದೆ.

ಬರಬೇಕಾಗಿದ್ದದ್ದು ವೀಸಾ. ನಮ್ಮ ವಾಪಸು ವಿಮಾನ ಬೆಳಿಗ್ಗೆ ಶಾರ್ಜಾದಲ್ಲಿ ಇಳಿಯುತ್ತದೆ, ಸಂಜೆಯ ತನಕ ಮುಂದಿನದು ಇಲ್ಲ. ಸಲ್ಮಾ ಅತ್ತೆಯ ಮನೆ ಅಲ್ಲೇ ಹತ್ತಿರವಂತೆ. ಆದರೆ ವೀಸಾ ಇಲ್ಲದೆ ನಿಲ್ದಾಣದಿಂದ ಹೊರಗೆ ಕಾಲಿಡುವಂತಿಲ್ಲ.

ಊರು ಬಿಡುವ ಮೊದಲು ಅಜ್ಜಿ ಪದ್ಧತಿಯಂತೆ ಓಣಿಯ ಮನೆಮನೆಗೂ ಹೋಗಿ, ಅಂದದ್ದು ಆಡಿದ್ದು ಮಾಫ್ ಮಾಡಿರೆಂದು ಕೇಳಿ ಬಂದಳಲ್ಲ. ಪಕ್ಕದ ಮನೆಯ ಕೆಂಚಕ್ಕ ಅವಳ ಕೈ ಹಿಡಿದುಕೊಂಡು, "ನಮ್ಮ ಹುಂಜ ನಿಮ್ಮನಿ ಸಾರಾಗ ಹೋಗಿದ್ದೂ ಇದರಾಗ ಬರತೈತೇನಬೇ?" ಎಂದಿದ್ದಳು. "ಬರತೈತಿ, ಎಲ್ಲಾ ಸೇರಿ ಒಂದ ಮಾಫಿ" ಎಂದು ಅಜ್ಜಿ ನಕ್ಕಿದ್ದಳು. ಆ ನಗು ಮಕ್ಕಾದಲ್ಲಿ ಮಾಯವಾಯಿತು. "ಇಡೀ ಓಣಿಗೆ ಕೇಳಿದೆ. ಹೊಟ್ಟ್ಯಾಗ ಹುಟ್ಟಿದಾಕಿಗೆ ಕೇಳಲಿಲ್ಲ" ಎಂದಳು. ಅತ್ತೆ ತನ್ನಿಷ್ಟದ ಜೀಪ್ ಡ್ರೈವರನನ್ನು ಮದುವೆಯಾಗಿದ್ದ ಸಿಟ್ಟಿಗೆ, ಇಸಾಕಸಾಬ ಅಜ್ಜ ತೀರಿಕೊಂಡಾಗ ಅಜ್ಜಿ ಅವಳಿಗೆ ಹೊತ್ತಿಗೆ ಸರಿಯಾಗಿ ಸುದ್ದಿ ಮುಟ್ಟಿಸಲಿಲ್ಲವಂತೆ. "ಆಗ ಆಕಿ ಹಗರಿಬೊಮ್ಮನಹಳ್ಳ್ಯಾಗ ಇದ್ದಳಲೇ. ಏನ್ ದೂರ? ಮಣ್ಣಾದ ಮ್ಯಾಲೆ ಹೇಳಿ ಕಳಿಸಿದೆ." ನನ್ನೆದುರು ಅಜ್ಜಿ ಈ ಮಾತು ಆಡಿದ್ದು ಇದೇ ಮೊದಲು.

ನಮ್ಮ ತಂಡವನ್ನು ಕರೆತಂದಿರುವ ಹರಪನಹಳ್ಳಿಯ ಇಶ್ತಿಯಾಕ ತಲೆ ಮೇಲೆ ಕೈ ಇಟ್ಟುಕೊಂಡರು. "ಊರಾಗೇ ಹೇಳಿದ್ರೆ ಆರಾಮ ಮಾಡಿಸ್ತಿದ್ನಲ್ರಿ ಅಜ್ಜಿ. ಈಗ ಪರದೇಶದಾಗ ಕುಂತು ಇನ್ನೊಂದು ಪರದೇಶಕ್ಕೆ ಅರ್ಜಿ ಹಾಕ್ಬೇಕು. ಫೋನಿನಾಗ ಕೇಳಿಬಿಡ್ರಿ, ಆಗ್ಲಿ."

ಅಜ್ಜಿ ಹೇಳಿದಳು: "ಅಪ್ಪನ ಮಕ ನೋಡಾಕ ಬಿಡಲಿಲ್ಲಪ ನಾನು ಆಕಿಗೆ. ಈಗ ನನ್ನ ಮಕ ತೋರಸ್ದ ಮಾಫಿ ಕೇಳ್ಲೇನು?"

ಇಶ್ತಿಯಾಕ ಅರ್ಜಿಯ ಫೋಟೊಗೆ ಏರ್ಪಾಡು ಮಾಡಿದರು. ಬಿಳಿ ಗೋಡೆ ಸಿಗದೆ ಹಾಸಿಗೆಯ ಚಾದರವನ್ನೇ ಎತ್ತಿ ಹಿಡಿದರು, ನಾನು ಅಜ್ಜಿಯ ಫೋಟೊ ತೆಗೆದೆ. "ನಗಬಾರದು ರೀ ಅಜ್ಜಿ" ಎಂದರೆ, "ನಗಾಕ ಏನೈತಿ ಇಲ್ಲಿ" ಎಂದು ಅವರನ್ನೇ ಗದರಿದಳು. ಅವಳೊಬ್ಬಳೇ ಹೋಗಲಾರಳೆಂದು ನನ್ನದೂ ಹಾಕಿದರು. ಶಾರ್ಜಾದ ಏಜೆಂಟನೊಬ್ಬನಿಗೆ ಎಲ್ಲವೂ ವಾಟ್ಸಪ್ಪಿನಲ್ಲೇ ಹೋಯಿತು.

ಇವತ್ತು ಮಧ್ಯಾಹ್ನ ಉತ್ತರ ಬಂತು. ನನಗೆ ಸಿಕ್ಕಿದೆ. ಅಜ್ಜಿಗೆ ಇಲ್ಲ.

ಕಾರಣ ಬಿಡಿಸಿ ಹೇಳಿಲ್ಲ. ಪಾಸ್‌ಪೋರ್ಟಿನಲ್ಲಿ ಬರೀ ಶಹಜಾನಬಿ ಎಂದಿದೆ, ಹಿಂದೆ ಮುಂದೆ ಇನ್ನೊಂದು ಹೆಸರಿಲ್ಲ, ಅದಕ್ಕೇ ಇರಬೇಕು ಎಂದರು ಇಶ್ತಿಯಾಕ. ನನ್ನದರಲ್ಲಿ ಅಪ್ಪನ ಹೆಸರು ಸೇರಿ ನಿಶಾತ ಬಾಷಾ ಎಂದಿದೆಯಲ್ಲ. ನಮ್ಮ ಕಡೆ ಅಜ್ಜಿಯ ವಯಸ್ಸಿನವರಲ್ಲಿ ಎರಡು ಹೆಸರು ಯಾರಿಗಿದೆ ಹೇಳು. "ನನಗ ಇನ್ನೊಂದು ಯಾಕ ಬೇಕಲೇ? ಒಂದ ಸಲ ಕರದ್ರ ಓ ಅಂತೀನಿ" ಎಂದು ಜೋರು ಮಾಡಿದಳು. ಆಮೇಲೆ ಹಾಸಿಗೆಯ ಅಂಚಿನಲ್ಲಿ ಕೂತಳು. ಅಡ್ಡಾಡುವುದು ನಿಂತಿತು. ಅದನ್ನು ನೋಡುವುದೇ ಹೆಚ್ಚು ಕಷ್ಟವಾಯಿತು.

"ನೀ ಹೋಗಲೇ. ನನ್ನ ಬದ್ಲಿ ಆಕಿ ಕಾಲು ಹಿಡಿ" ಎಂದಳು ಕೊನೆಗೆ.

ಬಸ್ಸಿನಲ್ಲಿ ಇಳಿಯುತ್ತೇನೆ ಎಂದು ಕಂಡಕ್ಟರನಿಗೆ ಹೇಳಲಾಗದೆ ಮುಂದಿನ ಸ್ಟಾಪಿನಿಂದ ನಡೆದು ಬರುವವಳು ನಾನು. ಎಂ.ಎ. ಕನ್ನಡ ಓದಿದರೂ ಇಂಥ ಹೊತ್ತಿಗೆ ಒಂದು ವಾಕ್ಯ ಹೊಳೆಯುವುದಿಲ್ಲ. ಆದರೂ ಅತ್ತೆಗೆ ಫೋನು ಮಾಡಿ ನಾನೊಬ್ಬಳೇ ಬರುತ್ತಿದ್ದೇನೆ ಎಂದೆ. ಆ ಕಡೆ ತಿರುಗುತ್ತಿದ್ದ ಮಿಕ್ಸಿಯನ್ನು ಅವಳು ನಿಲ್ಲಿಸಿದಳು. ಆಮೇಲೆ, "ನೀ ಬಾ. ಅವ್ವಗ ವಿಮಾನದಾಗ ಹೊಟ್ಟಿ ತೊಳಸತೈತಿ, ಕೈಯಾಗ ನಿಂಬಿಹಣ್ಣು ಕೊಟ್ಟಿರು" ಎಂದು ಇಟ್ಟುಬಿಟ್ಟಳು. ಇದನ್ನು ಏನೆಂದು ತಿಳಿಯಬೇಕೋ ನನಗೆ ಗೊತ್ತಾಗಲಿಲ್ಲ. ಅಜ್ಜಿ ಮಾತ್ರ ಆ ಮಾತನ್ನು ಮತ್ತೆ ಮತ್ತೆ ಹೇಳಿಸಿಕೊಂಡಳು.

ನಿನ್ನ ಬೆನ್ನುನೋವಿಗೆ ಎಣ್ಣೆ ತೆಗೆದುಕೊಂಡಿದ್ದೇನೆ. ಅಪ್ಪನಿಗೆ ಸಲಾಮು ಹೇಳು. ನಿನ್ನ ದುವಾ ನನ್ನ ತಲೆಯ ಮೇಲಿರಲಿ. ನಿನ್ನನ್ನು ಅಲ್ಲಾ ನೆಮ್ಮದಿಯಾಗಿ ಇಡಲಿ.

ನಿನ್ನ ಮಗಳು,
ನಿಶಾತ

ತಾ.ಕ.: ಮಡಚಿದ್ದನ್ನು ಮತ್ತೆ ಬಿಚ್ಚಿದ್ದೇನೆ. ಊರು ಬಿಡುವ ದಿನ ಅಜ್ಜಿ ಕೊನೆಯ ಮನೆ ಮುಗಿಸಿ ಬಂದಾಗ ನೀನು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಕೈಯ ಹಿಟ್ಟು ಒರೆಸಿಕೊಂಡು ಎದ್ದು ನಿಂತೆ. ಅವಳು ನೀರು ಕೇಳಿದಳು. ನೀನು ಕೊಟ್ಟು ಮತ್ತೆ ಕೂತೆ. ನಾನು ನೋಡಿದೆ. ಕೂಡ್ಲಿಗಿಯಲ್ಲಿ ನಿನ್ನ ಅವ್ವ ಹಾಸಿಗೆ ಹಿಡಿದಾಗ, ಮದುವೆಯವರ ಗಾದಿ ಹೊಲಿದು ಮುಗಿಸಿ ಹೋಗು ಎಂದು ಇದೇ ಅಜ್ಜಿ ನಿನ್ನನ್ನು ತಡೆದಿದ್ದಳಲ್ಲ. ನೀನು ಹೋಗುವಷ್ಟರಲ್ಲಿ ಅವರ ಬಾಯಿ ನಿಂತುಹೋಗಿತ್ತಲ್ಲ. ಇವತ್ತು ಕೇಳಿಯೇಬಿಟ್ಟೆ, ಅಜ್ಜಿ, ನಮ್ಮವ್ವನಿಗೆ ಮಾಫಿ ಕೇಳಿದೆಯಾ ಎಂದು. "ಹೊನ್ನೂರಬಿಗಾ?" ಎಂದು ನಿಜವಾಗಿಯೂ ಬೆರಗಾಗಿ ನನ್ನನ್ನು ನೋಡಿದಳು. "ಮನಿಯಾಗ ಇರಾಕಿಗೆ ಏನ್ ಕೇಳೋದಲೇ? ಆಕಿ ಎಲ್ಲಿ ಹೋಗ್ತಾಳ?"

ಅವ್ವ, ಶಾರ್ಜಾದಲ್ಲಿ ಅವಳ ಬದಲಿಗೆ ನಾನು ಕೇಳುತ್ತೇನೆ. ನಿನ್ನ ಹತ್ತಿರ ಕೇಳುವುದಿಲ್ಲ. ಅವಳೇ ಒಲೆಯ ತನಕ ಬಂದು ಕೇಳುವವರೆಗೆ ನೀನೂ ಕೊಡಬೇಡ.